ಬೊಂಡಾಸಿನ ಮೂರು ಹೃದಯ

ಬೊಂಡಾಸಿಗೆ ಮೂರು ಹೃದಯ. ಎರಡು ಹೃದಯ ಕಿವಿರುಗಳಿಗೆ ರಕ್ತ ತಳ್ಳುವ ಕೆಲಸಕ್ಕೆ, ಮೂರನೆಯದು ಉಳಿದ ಮೈಗೆ. ಆ ರಕ್ತವೂ ಕೆಂಪಲ್ಲ, ನೀಲಿ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಚಾಕರಿಯನ್ನು ಅದರಲ್ಲಿ ತಾಮ್ರ ಮಾಡುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ಬೊಂಡಾಸಿನ ಚಿಂತೆಯಿಂದಲ್ಲ, ಯಾರಿಗಾದರೂ ಹೇಳುವವರೆಗೆ ತಡೆಯಲಾರದ ಚಡಪಡಿಕೆಯಿಂದ. ಬೆಳಿಗ್ಗೆ ಮೀನಿನ ಹೆಂಗಸು ಗೇಟಿನ ಹತ್ತಿರ ಬುಟ್ಟಿ ಇಳಿಸಿದ್ದೇ ತಡ, ಹೇಳಿಬಿಟ್ಟೆ. ಆಕೆ ಒಂದು ಬೊಂಡಾಸನ್ನು ಎತ್ತಿ ಮೇಲೆ ಕೆಳಗೆ ತಿರುಗಿಸಿ ನೋಡಿದಳು.

"ಮೂರ್ ಇದ್ರೂ ಕಿಲೋಕ್ಕೆ ರೇಟ್ ಒಂದೇ ಮಾಷ್ಟ್ರೆ."

ಉಪ್ಪುಂದದಲ್ಲಿ ಸೋಜಿಗದ ಸಂಗತಿಗಳಿಗೆ ಸಿಗುವ ಮರ್ಯಾದೆ ಇಷ್ಟೆ. ಪಾಠ ಹೇಳುವ ಕೆಲಸ ಮುಗಿದರೂ ಹೇಳುವ ಚಾಳಿ ಮುಗಿಯದ ನನ್ನಂಥವನಿಗೆ ಇದು ಕಷ್ಟದ ಊರು. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ, ರೈಲು, ಗದ್ದೆ, ಹಾಡಿ, ದುರ್ಗಾಪರಮೇಶ್ವರಿಯ ದೇವಸ್ಥಾನ. ಮಡಿಕಲ್ ಕಡೆಗೆ ಇಳಿದರೆ ನಾಡದೋಣಿಗಳ ಸಾಲು. ರಾತ್ರಿ ಕಡಲಿನಲ್ಲಿ ಬೆಳಕು ಚೆಲ್ಲುವ ನೀರನ್ನು ಕಂಡವರು, ಬಲೆಯಲ್ಲಿ ಹೆಸರಿಲ್ಲದ ಪ್ರಾಣಿಗಳನ್ನು ಎಳೆದು ಹಾಕಿದವರು, ಒಂದೇ ದಿನದಲ್ಲಿ ದಡವನ್ನು ನುಂಗುವ ಅಲೆ ಕಂಡವರು ಇಲ್ಲಿದ್ದಾರೆ. ಇವರನ್ನು ಪುಸ್ತಕದಲ್ಲಿ ಓದಿದ ಸಂಗತಿಯಿಂದ ಬೆಚ್ಚಿಬೀಳಿಸುವುದು ಸುಲಭವಲ್ಲ. ಆದರೂ ನಾನು ಬಿಟ್ಟವನಲ್ಲ.

ಬೊಂಡಾಸಿಗಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ನಂಗ್. ತಿನ್ನುವವರಿಗೆ ಗೊತ್ತು, ಮುಳ್ಳು ಕಡಿಮೆ, ಮಕ್ಕಳಿಗೂ ಕೊಡಬಹುದಾದ ಮೀನು. ಮೇಲುಬದಿ ಮರಳಿನ ಬಣ್ಣ, ಅಡಿಬದಿ ಬಿಳಿ. ಬಾಯಿ ಒಂದು ಕಡೆಗೆ ಸೊಟ್ಟ, ಯಾರ ಮೇಲೋ ಮುನಿಸಿಕೊಂಡು ಕೂತವರ ಹಾಗೆ. ಇದನ್ನು ಸರಿಮಾಡುವುದನ್ನು ನೋಡುತ್ತಾ ನಿಲ್ಲುವುದು ನನಗೆ ಇಷ್ಟ. ಬೂದಿ ಮುಟ್ಟಿದ ಬೆರಳಿನಿಂದ ಮೂತಿಯ ಹತ್ತಿರ ಸಿಪ್ಪೆಯನ್ನು ಚೂರು ಎಬ್ಬಿಸಿಕೊಳ್ಳಬೇಕು. ಆಮೇಲೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಬಾಲದ ಕಡೆಗೆ ಒಂದೇ ಸೆಳೆತ. ಚರ್ರೆಂದು ಇಡೀ ಸಿಪ್ಪೆ ಕೈಗೆ ಬರುತ್ತದೆ. ಕಲಿಯದವರು ಎಳೆದರೆ ಅರ್ಧಕ್ಕೆ ಹರಿಯುತ್ತದೆ, ಉಳಿದ ಅರ್ಧಕ್ಕೆ ಕತ್ತಿಯೇ ಗತಿ. ಹೀಗೆ ಸಿಪ್ಪೆ ಎಳೆಯುವ ಮುಂಚೆ ಒಂದು ಗಳಿಗೆ ತಡೆದು ಆ ತಲೆಯನ್ನು ನೋಡಿ. ಎರಡು ಕಣ್ಣೂ ಒಂದೇ ಪಕ್ಕದಲ್ಲಿವೆ, ಒಂದರ ಹತ್ತಿರ ಇನ್ನೊಂದು. ಮತ್ತೊಂದು ಪಕ್ಕ ಬರೀ ಬಿಳಿ.

ಹುಟ್ಟುವಾಗ ಇದು ಹೀಗಿರುವುದಿಲ್ಲ. ಮೊಟ್ಟೆಯಿಂದ ಹೊರಬಂದ ನಂಗ್ ಮರಿ ಉಳಿದೆಲ್ಲ ಮೀನುಗಳ ಹಾಗೆ ನೇರವಾಗಿ ಈಜುತ್ತದೆ, ಆ ಕಡೆಗೊಂದು ಈ ಕಡೆಗೊಂದು ಕಣ್ಣು. ಬೆಳೆಯುತ್ತಾ ಬಂದ ಹಾಗೆ ಬಲಗಣ್ಣು ಜಾಗ ಬಿಟ್ಟು ಹೊರಡುತ್ತದೆ. ತಲೆಬುರುಡೆಯೇ ತಿರುಚಿಕೊಂಡು, ಕಣ್ಣು ನೆತ್ತಿಯ ಕಡೆಯಿಂದ ದಾಟಿ ಎಡಗಣ್ಣಿನ ಪಕ್ಕ ಬಂದು ನೆಲೆ ನಿಲ್ಲುತ್ತದೆ. ಆಮೇಲೆ ಮೀನು ಪಕ್ಕಕ್ಕೆ ವಾಲಿ ಕಡಲಿನ ತಳದಲ್ಲಿ ಮಲಗಿಬಿಡುತ್ತದೆ, ಬದುಕಿಡೀ.

ಈ ಕಣ್ಣು ಡಾರ್ವಿನ್ನನಿಗೂ ತಲೆನೋವು ಕೊಟ್ಟಿತ್ತು. ಸೇಂಟ್ ಜಾರ್ಜ್ ಮಿವಾರ್ಟ್ ಎಂಬಾತ 1871ರಲ್ಲಿ ತಕರಾರು ತೆಗೆದ. ನೀವು ಹೇಳುವ ವಿಕಾಸ ಹೆಜ್ಜೆ ಹೆಜ್ಜೆಯಾಗಿ ನಡೆಯುವುದಾದರೆ ಅರ್ಧ ದಾರಿ ಬಂದು ನಿಂತ ಕಣ್ಣಿನಿಂದ ಮೀನಿಗೆ ಏನು ಲಾಭ ಎಂದು ಕೇಳಿದ. ಡಾರ್ವಿನ್ ಮರುವರ್ಷ ತನ್ನ ಪುಸ್ತಕದ ಆರನೆಯ ಆವೃತ್ತಿಯಲ್ಲಿ ಇದಕ್ಕೆ ಉತ್ತರ ಬರೆದ. ಆದರೂ ಅರ್ಧ ದಾರಿಯ ಕಣ್ಣುಳ್ಳ ಮೀನನ್ನು ತೋರಿಸಿ ಎಂದರೆ ತೋರಿಸಲು ಯಾರ ಕೈಯಲ್ಲೂ ಇರಲಿಲ್ಲ. ಕೊನೆಗೆ 2008ರಲ್ಲಿ ಮ್ಯಾಟ್ ಫ್ರೀಡ್ಮನ್ ಎಂಬ ವಿಜ್ಞಾನಿ ಸುಮಾರು ಐದು ಕೋಟಿ ವರ್ಷ ಹಳೆಯ ಮೀನುಗಳ ಪಳೆಯುಳಿಕೆಯನ್ನು ಪರೀಕ್ಷಿಸಿದಾಗ ಅಲ್ಲಿತ್ತು ನೋಡಿ, ನೆತ್ತಿಯ ತನಕ ಬಂದು ದಾಟದೆ ಉಳಿದ ಕಣ್ಣು. ಆ ಕಲ್ಲುಗಳು ಬಹುಕಾಲದಿಂದ ಮ್ಯೂಸಿಯಮ್ಮಿನ ಕಪಾಟಿನಲ್ಲೇ ಕೂತಿದ್ದವು.

ಇಷ್ಟನ್ನೂ ಕೇಳಿಸಿಕೊಂಡ ನಮ್ಮ ಮೀನಿನ ಹೆಂಗಸು ನಂಗ್ ಸಿಪ್ಪೆ ಎಳೆಯುವುದನ್ನು ನಿಲ್ಲಿಸದೆ, "ಮಣ್ಣಂಗೆ ಮನ್ಕಂಬುದಕ್ಕೆ ಅಡಿಬದಿಗೆ ಕಣ್ಣ್ ಎಂತಕ್ಕೆ? ಮಣ್ಣ್ ಕಾಂಬುಕಾ?" ಎಂದು ಕೇಳಿದಳು. ಡಾರ್ವಿನ್ನನಿಗೆ ಇದನ್ನೇ ಹೇಳಲು ಆರನೆಯ ಆವೃತ್ತಿ ಬೇಕಾಯಿತು.

ಆಕೆ ನನ್ನ ಮಾತನ್ನು ಮುಂದಿನ ಮನೆಗೆ ಹೊತ್ತುಕೊಂಡು ಹೋಗುವಾಗ ಕೊನೆಗೊಂದು 'ಅಂಬ್ರ್' ಸೇರಿಸುತ್ತಾಳೆ ಎನ್ನುವುದು ನನಗೆ ಗೊತ್ತು. "ನಂಗಿನ ಕಣ್ಣ್ ನಡ್ಕಂಡ್ ಹೋತ್ತ್ ಅಂಬ್ರ್." ಬೇರೆ ಕಡೆಯ ಕನ್ನಡದಲ್ಲಿ 'ಅಂತೆ' ಮಾಡುವ ಕೆಲಸ ನಮ್ಮಲ್ಲಿ 'ಅಂಬ್ರ್' ಮಾಡುತ್ತದೆ. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು, ಸುಳ್ಳಾದರೆ ನನ್ನ ಕೊರಳಪಟ್ಟಿ ಹಿಡಿಯಬೇಡಿ ಎಂಬ ಜಾಮೀನು ಅದು. ಕೊಲಂಬಿಯಾ ಮತ್ತು ಬ್ರೆಜಿಲ್ ಗಡಿಯ ಕಾಡಿನಲ್ಲಿ ತುಯುಕಾ ಎಂಬ ಜನರ ಭಾಷೆಯಿದೆ. ಅದರಲ್ಲಿ ಈ ಜಾಮೀನನ್ನು ಕ್ರಿಯಾಪದಕ್ಕೇ ಅಂಟಿಸಬೇಕು. 'ಅವನು ಚೆಂಡಾಡಿದ' ಎಂದು ಸುಮ್ಮನೆ ಹೇಳಿ ತಪ್ಪಿಸಿಕೊಳ್ಳಲಾಗದು. ಕಣ್ಣಾರೆ ಕಂಡದ್ದೋ, ಸದ್ದು ಕೇಳಿ ತಿಳಿದದ್ದೋ, ಅಂಗಳದ ಹೆಜ್ಜೆಗುರುತು ನೋಡಿ ಊಹಿಸಿದ್ದೋ, ಇನ್ನೊಬ್ಬರು ಹೇಳಿದ್ದೋ, ಇಲ್ಲ ಇಂಥ ಹೊತ್ತಿಗೆ ಅವನು ಆಡುವುದು ವಾಡಿಕೆಯೆಂದು ಅಂದುಕೊಂಡದ್ದೋ, ಒಂದೊಂದಕ್ಕೂ ಬೇರೆ ಬೇರೆ ಪ್ರತ್ಯಯ. ಅಲ್ಲಿ ಚುನಾವಣೆಯ ಭಾಷಣ ಮಾಡುವವರ ಪಾಡು ಏನೋ. ನಮ್ಮಲ್ಲಿ ಹಾಗಲ್ಲ, ಬೇಕಾದವರು ಹಾಕಬಹುದು, ಬೇಡವಾದವರು ಬಿಡಬಹುದು. ಬಿಡುವವರೇ ಹೆಚ್ಚು. ಸ್ವಂತ ಮನೆಯ ವಿಷಯಕ್ಕೂ 'ಅಂಬ್ರ್' ಹಾಕುವ ಜಾಣರು ಇದ್ದಾರೆ: "ನಮ್ಮ್ ಹೈದ ಯಾವ್ದೋ ಹೆಣ್ಣನ್ನ್ ಕಂಡ್ಕಂಡಿದ ಅಂಬ್ರ್."

ಸುಮ್ಮನೆ ತಿಳಿದುಕೊಳ್ಳುವ ಈ ಹುಚ್ಚಿಗೆ ನಮ್ಮ ಸೀಮೆಯಲ್ಲಿ ಒಬ್ಬ ಕುಲದೇವರು ಇದ್ದಾರೆ. ಉಪ್ಪುಂದದಿಂದ ತೆಂಕು ದಿಕ್ಕಿಗೆ ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ, ಕೋಟ. 1902ರಲ್ಲಿ ಅಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾಲೇಜನ್ನು ಅರ್ಧಕ್ಕೆ ಬಿಟ್ಟವರು. ಅಂಥವರು ಮಕ್ಕಳಿಗಾಗಿ 'ಬಾಲಪ್ರಪಂಚ' ಎಂಬ ಮೂರು ಸಂಪುಟಗಳ ವಿಶ್ವಕೋಶ ಬರೆದರು, ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'. ಸಮಿತಿ ಇಲ್ಲ, ಉಪಸಮಿತಿ ಇಲ್ಲ, ಭತ್ಯೆ ಇಲ್ಲ. ಇವತ್ತು ಇಂಥದೊಂದು ಕೆಲಸಕ್ಕೆ ಕೈಹಾಕಿದರೆ ಮೊದಲ ಸಂಪುಟಕ್ಕೆ ಮುಂಚೆ ಮೂರು ಉದ್ಘಾಟನೆ ಆಗುತ್ತಿತ್ತು. ನನ್ನ ಚಾಳಿಯನ್ನು ಯಾರಾದರೂ ಆಡಿಕೊಂಡರೆ ಕಾರಂತರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇನೆ. ಇದು ಅವರಿಗೆ ಮಾಡುವ ಅಪಚಾರವೇ ಇರಬಹುದು, ಆದರೆ ಉಪಯೋಗಕ್ಕೆ ಬರುತ್ತದೆ.

ಕಾರಂತರ ಕಾಲಕ್ಕೆ ಗೊತ್ತಿಲ್ಲದಿದ್ದ ಕೆಲವು ನೆರೆಕರೆಯವರು ಈಚೆಗೆ ಬೆಳಕಿಗೆ ಬಂದಿದ್ದಾರೆ. 2016ರಲ್ಲಿ ಮಣಿಪಾಲದ ಸುತ್ತಮುತ್ತ ಮುರಕಲ್ಲಿನ ಬಯಲಿನಲ್ಲಿ ಹೆಬ್ಬೆರಳ ಉಗುರಿನಷ್ಟು ಗಾತ್ರದ ಹೊಸ ಕಪ್ಪೆಯೊಂದನ್ನು ಗುರುತಿಸಿದರು. ಅದರ ಕೂಗು ಕಪ್ಪೆಯದು ಎಂದು ಅನ್ನಿಸುವುದೇ ಇಲ್ಲ, ಯಾವುದೋ ಜೀರುಂಡೆ ಎಂದು ಕೇಳಿದವರು ದಾಟಿ ಹೋಗುತ್ತಿದ್ದರು. ಮುರಕಲ್ಲಿನ ನೆಲದಲ್ಲಿ ಸಿಕ್ಕಿದ್ದಕ್ಕೆ ವಿಜ್ಞಾನಿಗಳು ಕಲ್ಲಿನ ಹೆಸರನ್ನೇ ಇಟ್ಟರು, ಮೈಕ್ರೋಹೈಲಾ ಲ್ಯಾಟರೈಟ್. ಆ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಕಂಪನಿಯವರು ಗೆದ್ದ ಸೀಮೆಯನ್ನು ನೋಡಿಬರಲು ಕಳಿಸಿದ ವೈದ್ಯ ಆತ, 1801ರಲ್ಲಿ ನಮ್ಮ ಕರಾವಳಿಯನ್ನೂ ಹಾದು ಹೋದವನು. ಮಲಬಾರಿನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಹೆಸರು ಮಾಡಿದ. ಗೋಡೆ ಕಟ್ಟಲು ಬಂದ ಮೇಸ್ತ್ರಿಗೆ ಇದನ್ನು ವಿವರಿಸಿದೆ. "ಕಪ್ಪಿ ಸಿಕ್ರೆ ಹೇಳ್ತೆ, ಈಗ ಆ ಕಲ್ಲ್ ಇತ್ಲಾಗ್ ಕೊಡಿ" ಎಂದ.

ಘಟ್ಟದ ಮಗ್ಗುಲಿನ ಕಾಡಿನಲ್ಲಿ ಇನ್ನೊಂದು ಕಪ್ಪೆಯಿದೆ. 2014ರಲ್ಲಿ ಹೆಸರು ಪಡೆದ ಇದು ಮಣ್ಣಿನ ಕೆಲಸ ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಹಳ್ಳದ ತಳದಿಂದ ಕೆಸರು ತಂದು, ಹಿಂಗಾಲ ಮೇಲೆ ಮೈಯೆತ್ತಿ, ಮುಂಗೈಯಿಂದ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೆ ಇಟ್ಟ ಹೆಸರು ನಿಕ್ಟಿಬಾಟ್ರಾಕಸ್ ಕುಂಬಾರ. ಮನೆ ಕಟ್ಟುವ ಹಾವಿನ ಕಥೆಯೂ ಹೀಗೆಯೇ. ಹಾವುಗಳ ಪೈಕಿ ತರಗೆಲೆ ರಾಶಿ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವುದು ಕಾಳಿಂಗ ಮಾತ್ರ. ಜಗತ್ತಿನ ಕಾಳಿಂಗಗಳೆಲ್ಲ ಒಂದೇ ಜಾತಿ ಎಂದು ಬಹುಕಾಲ ನಂಬಿದ್ದರು. ಆಗುಂಬೆಯ ಕಾಡಿನಲ್ಲಿ ಕೆಲಸ ಮಾಡಿದ ಗೌರಿ ಶಂಕರ್ ಮತ್ತು ಸಂಗಡಿಗರು 2024ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ ಪಾಲಿಗೆ ಬಂದ ಜಾತಿಯ ಹೆಸರು ಒಫಿಯೋಫೇಗಸ್ ಕಾಳಿಂಗ. ಗೌರಿ ಶಂಕರರಿಗೆ 2005ರಲ್ಲಿ ಇದೇ ಹಾವು ಕಚ್ಚಿತ್ತು, ಥಾಯ್ಲೆಂಡಿನಿಂದ ಬಂದ ಔಷಧಿ ನಾಟಲಿಲ್ಲ. ಅಲ್ಲಿನ ಕಾಳಿಂಗ ಬೇರೆ, ಇಲ್ಲಿನ ಕಾಳಿಂಗ ಬೇರೆ ಇರಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಕಚ್ಚಿಸಿಕೊಂಡ ಮೇಲೂ ಹಾವಿನ ವಂಶಾವಳಿ ತೆಗೆಯಲು ಕೂತವರ ಮುಂದೆ ನನ್ನ ಹುಚ್ಚು ಯಾವ ಲೆಕ್ಕ?

ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಪುಂಗಿಯ ರಾಗಕ್ಕೆ ತಲೆದೂಗುವುದೂ ಇಲ್ಲ, ಪುಂಗಿಯ ಚಲನೆಯನ್ನು ಕಣ್ಣಲ್ಲಿ ಹಿಂಬಾಲಿಸುತ್ತದೆ ಅಷ್ಟೆ. ನಾಗರಪಂಚಮಿಯ ದಿನ ಬನದ ಹತ್ತಿರ ಇದನ್ನು ಹೇಳಬಾರದು. ನಾನು ಮರುದಿನ ಹೇಳುತ್ತೇನೆ.

ಕೋಡಿಯ ಮರಳಿನಲ್ಲಿ, ಮರವಂತೆಯಲ್ಲಿ, ನಮ್ಮ ಬೈಂದೂರು ಕಡೆಯೂ ಕೆಲವು ವರ್ಷ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದು ತಂದೆಯೂ ಅಲ್ಲ ತಾಯಿಯೂ ಅಲ್ಲ, ಮರಳಿನ ಬಿಸಿ. ಬಿಸಿ ಹೆಚ್ಚಾದರೆ ಹೆಣ್ಣು, ತಂಪಾದರೆ ಗಂಡು. ಸೆಖೆ ವರ್ಷ ವರ್ಷ ಏರುವುದನ್ನು ನೋಡಿದರೆ ಆಮೆಗಳ ಲೋಕದಲ್ಲಿ ಗಂಡಿಗೆ ಬರಗಾಲ ಬರುವ ಹಾಗಿದೆ. ಆಸ್ತಿಯನ್ನು ಹೆಣ್ಣಿನ ಸಂತಾನದ ಕಡೆಗೆ ಇಳಿಸುತ್ತಿದ್ದ ಅಳಿಯಕಟ್ಟಿನ ಕರಾವಳಿಗೆ ಬಂದು ಮೊಟ್ಟೆ ಇಟ್ಟದ್ದು ಅವು ಮಾಡಿದ ಜಾಣತನ.

ಇತಿಹಾಸದ ವಿಷಯಕ್ಕೆ ನಮ್ಮೂರಿನವರು ಸ್ವಲ್ಪ ಹೆಚ್ಚು ಕಿವಿ ಕೊಡುತ್ತಾರೆ, ಅದರಲ್ಲೂ ಬಸ್ಸು ತಡವಾದಾಗ. ಚತುಷ್ಪಥ ಆದ ಮೇಲೆ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುವುದೆಂದರೆ ನೆತ್ತಿಯ ಮೇಲೆ ಹಪ್ಪಳ ಸುಡುವ ಕೆಲಸ. ಅಂಥ ಒಂದು ಮಧ್ಯಾಹ್ನ ಇಬ್ನ್ ಬತೂತನ ಕಥೆ ತೆಗೆದೆ. ಮೊರೊಕ್ಕೊದ ಈ ತಿರುಗಾಡಿ 1342ರ ಸುಮಾರಿಗೆ ಹೊನ್ನಾವರದಿಂದ ಹಡಗು ಹತ್ತಿ ನಮ್ಮ ಕಡಲಿನಲ್ಲೇ ತೆಂಕಣಕ್ಕೆ ಹೋದವನು. ಗೋವೆಯಿಂದ ಕೊಲ್ಲಂ ತನಕ ದಡದ ಉದ್ದಕ್ಕೆ ಎರಡು ತಿಂಗಳ ದಾರಿ, ದಾರಿ ಪೂರ್ತಿ ಮರದ ನೆರಳು, ಅರ್ಧರ್ಧ ಮೈಲಿಗೆ ಒಂದು ಮರದ ಮನೆ, ಕೂರಲು ಜಗಲಿ, ಬಾವಿ, ನೀರು ಕೊಡಲು ಒಬ್ಬ ಆಳು ಎಂದು ಬರೆದಿದ್ದಾನೆ. ಬಸರೂರು ನೋಡಿದ, ಬಾರ್ಕೂರಿನ ಕಬ್ಬಿನ ಸಮ ಈ ನಾಡಿನಲ್ಲಿ ಬೇರೆ ಇಲ್ಲ ಎಂದ. ಪಕ್ಕದಲ್ಲಿ ನಿಂತಿದ್ದ ಹಿರಿಯರು ಕೊಡೆ ಬಿಚ್ಚುತ್ತಾ, "ಆಗ ಮರ ಇತ್ತ್, ರೋಡ್ ಇಲ್ಲೆ. ಈಗ ರೋಡ್ ಇತ್ತ್. ಎರಡೂ ಬೇಕಂದ್ರೆ ಎಲ್ಲಿಂದ ತಪ್ಪುದ್?" ಎಂದರು. ಶಿವಾಜಿ 1665ರ ಫೆಬ್ರವರಿಯಲ್ಲಿ ಮಾಲ್ವಣದಿಂದ ಎಂಬತ್ತೈದು ಹಡಗು, ಮೇಲೆ ಮೂರು ದೊಡ್ಡ ನೌಕೆ ಕಟ್ಟಿಕೊಂಡು ಬಸರೂರನ್ನು ದೋಚಲು ಬಂದ, ಹೋಗುವಾಗ ಗೋಕರ್ಣದಲ್ಲಿ ಮಿಂದು ಹೋದ ಎಂದೂ ಹೇಳೋಣ ಎಂದಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಮಿಂದ ಭಾಗ ಅವರಿಗೆ ಹಿಡಿಸುತ್ತಿತ್ತು.

ಆದರೆ ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಕಥೆ ಈಜಿಪ್ಟಿನ ತಿಪ್ಪೆಯಲ್ಲಿ ಸಿಕ್ಕಿದ್ದು. ಆಕ್ಸಿರಿಂಕಸ್ ಎಂಬ ಹಾಳೂರಿನ ಹಳೆಯ ಕಸದ ದಿಬ್ಬಗಳನ್ನು ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಅಗೆಸಿದರು. ಮಳೆ ಬೀಳದ ನೆಲವಾದ್ದರಿಂದ ಸಾವಿರಾರು ವರ್ಷದ ಕಾಗದ ಪತ್ರ ಕೊಳೆಯದೆ ಉಳಿದಿತ್ತು. (ಉಪ್ಪುಂದದ ತಿಪ್ಪೆಯಲ್ಲಿ ಹಾಕಿದ ಪತ್ರ ಆಷಾಢ ದಾಟುವುದಿಲ್ಲ.) 1903ರಲ್ಲಿ ಅಚ್ಚಾದ ಅವುಗಳ ಪೈಕಿ ಸುಮಾರು ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನ ಇತ್ತು. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಹಿಂದೂ ದೇಶದ ಕಡಲ ದಡದಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ದೇವಿಗೆ ಬಲಿ ಕೊಡುವುದು ಅಲ್ಲಿಯ ದೊರೆಯ ಯೋಚನೆ. ಅಣ್ಣ ಹಡಗಿನಲ್ಲಿ ಬರುತ್ತಾನೆ, ದೊರೆಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮಲಗಿಸುತ್ತಾನೆ, ತಂಗಿಯನ್ನು ಕರೆದುಕೊಂಡು ಪಾರಾಗುತ್ತಾನೆ. ನಡುನಡುವೆ ದೊರೆ ಮತ್ತು ಅವನ ಜನ ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಆ ಮಾತು ಗ್ರೀಕ್ ಅಲ್ಲ. ಕನ್ನಡ ಇರಬೇಕು ಎಂದು 1904ರಲ್ಲಿ ಹೇಳಿದವರು ಶಾಸನತಜ್ಞ ಹುಲ್ಶ್. ಆಮೇಲೆ ಮೈಸೂರಿನ ಶಾಮಾಶಾಸ್ತ್ರಿಗಳು, 'ಅರ್ಥಶಾಸ್ತ್ರ'ದ ಓಲೆಗರಿಯನ್ನು ಲೋಕಕ್ಕೆ ತೋರಿಸಿದ ಅದೇ ಶಾಸ್ತ್ರಿಗಳು, ಈ ಮಾತುಗಳನ್ನು ಕನ್ನಡವಾಗಿ ಬಿಡಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಕೈಹಾಕಿದರು. ಅಲ್ಲ, ತುಳು ಎಂದವರು ಇದ್ದಾರೆ, ಬರಿಯ ಅರ್ಥವಿಲ್ಲದ ಗಲಿಬಿಲಿ ಎಂದವರೂ ಇದ್ದಾರೆ. ಒಂದು ಕಡೆ ಮಲ್ಪೆಯ ಹೆಸರಿದೆ ಎಂದು ಓದಿದವರು ಕಥೆಯನ್ನು ಉಡುಪಿಗೇ ತಂದು ನಿಲ್ಲಿಸಿದರು. ಜಗಳ ಇನ್ನೂ ತೀರಿಲ್ಲ, ತೀರದಿರಲಿ.

ಭಾಷೆ ಯಾವುದೇ ಇರಲಿ, ನನಗೆ ಮೆಚ್ಚುಗೆಯಾದದ್ದು ಅದರ ಹಾಸ್ಯಗಾರ. ಈತನ ಆಯುಧ ಅಪಾನವಾಯು. ಶತ್ರುಗಳು ಬಂದರೆ ಅದರಿಂದಲೇ ಓಡಿಸುತ್ತಾನೆ, ಅದನ್ನೇ ದೇವಿಯೆಂದು ಕರೆದು ಹರಕೆ ಹೊರುತ್ತಾನೆ. ತಮಾಷೆ ಇದೇ ಗಾಳಿಯ ಮೇಲೆ ಸಾಗುತ್ತದೆ. ಹಸ್ತಪ್ರತಿಯಲ್ಲಿ ಎಲ್ಲೆಲ್ಲಿ ವಾದ್ಯ ಹೊಡೆಯಬೇಕು ಎಂಬ ಗುರುತುಗಳೂ ಇವೆ. ಹೇಳುವ ಜಾಗದಲ್ಲೇ ಹೇಳಬೇಕು ಎಂದು ನಾನು ಇದನ್ನು ಒಂದು ಬಯಲಾಟದ ಚೌಕಿಗೆ ಒಯ್ದೆ. ಬಡಗುತಿಟ್ಟಿನ ಹಳೆಯ ಹಾಸ್ಯಗಾರರೊಬ್ಬರು ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಪೂರ್ತಿ ಕೇಳಿದರು. ನಗಲಿಲ್ಲ, ವೃತ್ತಿಯವರು ಇನ್ನೊಬ್ಬರ ಹಾಸ್ಯಕ್ಕೆ ಸುಲಭದಲ್ಲಿ ನಗುವುದಿಲ್ಲ.

"ಆ ಜಾಗಕ್ಕೆ ಚಂಡೆ ಪೆಟ್ಟ್ ಇತ್ತಾ?"

"ಇದ್ದಂತೆ ಕಾಣುತ್ತದೆ. ಡೋಲಿನ ಗುರುತು ಹಾಕಿದ್ದಾರೆ."

"ಹಾಂಗಾರೆ ಗೊತ್ತಿದ್ದವ್ರೇ ಬರ್ದದ್ದ್" ಎಂದು ಕನ್ನಡಿಗೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಕುಡ್ಸಿ ಮಲ್ಗ್ಸಿದ್ದ್ ನಮ್ ಬದಿಯವ್ರನ್ನಲ್ಲ ಮಾಷ್ಟ್ರೆ. ನಮ್ ಬದಿಯವ್ರ್ ಅಷ್ಟ್ ಬೇಗ ಮನ್ಕಂಬವ್ರಲ್ಲ" ಎಂದರು. ಮೂರ್ತೆಗಾರಿಕೆಯ ನಾಡಿನವರು ದ್ರಾಕ್ಷಾರಸಕ್ಕೆ ಉರುಳಿಬಿದ್ದರು ಎಂಬುದು ನನಗೂ ಅನುಮಾನವೇ. ವಿದ್ವಾಂಸರು ಈ ದಿಕ್ಕಿನಲ್ಲಿ ಯೋಚಿಸಿದ ಹಾಗೆ ಕಾಣುವುದಿಲ್ಲ.

ಕಾಗೆಯ ಸಂಗತಿಯನ್ನು ಮಾತ್ರ ಊರು ಒಂದೇ ಮಾತಿಗೆ ಒಪ್ಪಿತು. ಅಮೆರಿಕದ ಸಿಯಾಟಲ್ಲಿನಲ್ಲಿ ಜಾನ್ ಮಾರ್ಜ್‌ಲಫ್ ಎಂಬ ಪ್ರಾಧ್ಯಾಪಕರು 2006ರಲ್ಲಿ ಆದಿಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಬಲೆಗೆ ಹಾಕಿ ಬಿಟ್ಟರು. ಆಮೇಲೆ ಆ ಮುಖವಾಡ ಹಾಕಿಕೊಂಡು ಯಾರು ನಡೆದರೂ ಕಾಗೆಗಳು ಬೈದು ಅಟ್ಟಿದವು. ಬಲೆಗೆ ಬೀಳದ ಕಾಗೆಗಳೂ, ಆಗ ಹುಟ್ಟೇ ಇರದಿದ್ದ ಮರಿಗಳೂ ಆ ಬೈಗುಳಕ್ಕೆ ಸೇರಿಕೊಂಡವು. ಹೋಲಿಸಿ ನೋಡಲು ಬಳಸಿದ ಎರಡನೆಯ ಮುಖವಾಡ ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೇನಿಯದು, ಅದರ ತಂಟೆಗೆ ಕಾಗೆಗಳು ಹೋಗಲಿಲ್ಲ. ರಾಜಕೀಯ ಅವುಗಳಿಗೆ ಬೇಡ. ಇದನ್ನು ಹೇಳಿದ್ದು ಒಂದು ತಿಥಿಯ ಮನೆಯಲ್ಲಿ, ಪಿಂಡ ಇಟ್ಟು ಅರ್ಧ ಗಂಟೆಯಾದರೂ ಕಾಗೆ ಹತ್ತಿರ ಸುಳಿಯದೆ ಎಲ್ಲರೂ ಹಸಿದು ಕೂತಿದ್ದಾಗ. ಯಜಮಾನರು ಮೆಲ್ಲಗೆ ಎದ್ದು ತಮ್ಮನನ್ನು, "ಹೋದ್ ವರ್ಷ ಕಲ್ಲ್ ಹೊಡ್ದವ ನೀನೇ ಅಲ್ದಾ? ಒಳ್ಗ್ ಹೋಗ್" ಎಂದು ಕಳಿಸಿದರು. ತಮ್ಮ ಬಾಗಿಲು ದಾಟಿದ ಸ್ವಲ್ಪ ಹೊತ್ತಿಗೆ ಕಾಗೆ ಬಂತು. ನನ್ನ ವಿದ್ಯೆಗೆ ಉಪ್ಪುಂದದಲ್ಲಿ ಸಿಕ್ಕಿದ ಏಕೈಕ ಪ್ರಾಯೋಗಿಕ ಮನ್ನಣೆ ಅದು. ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು.

ಆ ಗೆಲುವಿನ ಅಮಲಿನಲ್ಲಿ ನಾನು ಏರೋಪ್ಲೇನ್ ಚಿಟ್ಟೆಯ ಕಥೆ ಹೊರಗೆ ಬಿಟ್ಟೆ.

ಮಳೆ ಇಳಿಮುಖವಾಗುವ ದಿನಗಳಲ್ಲಿ ಗದ್ದೆಯ ಮೇಲೆ ಗುಂಪುಗುಂಪಾಗಿ ಹಾರುವ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಯನ್ನು ಎಲ್ಲರೂ ಕಂಡಿದ್ದಾರೆ. ಬಾಲಕ್ಕೆ ನೂಲು ಕಟ್ಟಿ ಹಾರಿಸದ ಬಾಲ್ಯ ಈ ಕಡೆ ಇಲ್ಲ. ಆ ಜಾತಿಯ ಚಿಟ್ಟೆ ಕಡಲು ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಕಡಲ ವಿಜ್ಞಾನಿಗೆ ಒಂದು ಅನುಮಾನ ಬಂತು. ಚಿಟ್ಟೆ ಮೊಟ್ಟೆ ಇಡಲು ಸಿಹಿನೀರು ಬೇಕು, ಮಾಲ್ಡೀವ್ಸಿನಲ್ಲಿ ಕೆರೆ ತೋಡು ಇಲ್ಲವೆಂದೇ ಹೇಳಬೇಕು. ಆದರೂ ವರ್ಷ ವರ್ಷ ಅಕ್ಟೋಬರಿನ ಹೊತ್ತಿಗೆ ಲಕ್ಷಾಂತರ ಚಿಟ್ಟೆ ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ? ವರ್ಷಗಟ್ಟಲೆ ಲೆಕ್ಕ ಬರೆದಿಟ್ಟು 2009ರಲ್ಲಿ ಅವರು ಹೇಳಿದ್ದು ಇಷ್ಟು: ಅವು ಹಿಂದೂಸ್ಥಾನದ ಕಡೆಯಿಂದ ಎತ್ತರದ ಗಾಳಿ ಹಿಡಿದು ಬರುತ್ತವೆ, ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾದ ಮಳೆ ಹುಡುಕಿಕೊಂಡು ಹೋಗುತ್ತವೆ, ಮುಂದಿನ ಮುಂಗಾರಿಗೆ ಅವುಗಳ ಸಂತಾನ ಹಿಂತಿರುಗುತ್ತದೆ. ಹೋಗಿ ಬರುವ ಸುತ್ತು 14,000 ಕಿಲೋಮೀಟರಿಗೂ ಹೆಚ್ಚು. ಒಂದೇ ಚಿಟ್ಟೆ ಪೂರ್ತಿ ಸುತ್ತುವುದಿಲ್ಲ, ನಾಲ್ಕು ತಲೆಮಾರು ಬೇಕಾಗುತ್ತದೆ. ಹೊರಟದ್ದು ಮುತ್ತಜ್ಜ, ಬಂದು ಇಳಿಯುವುದು ಮರಿಮಗ.

ಈ ಭಾಗ ಉಪ್ಪುಂದಕ್ಕೆ ಅರ್ಥವಾಗಬೇಕಾದದ್ದೇ. ಇಲ್ಲಿ ಮನೆಗೊಬ್ಬರಂತೆ ಬೆಂಗಳೂರಿಗೋ ಮುಂಬಯಿಗೋ ಹೋಗಿ ಹೋಟೆಲು ಇಟ್ಟಿದ್ದಾರೆ, ಇಲ್ಲ ಹೋಟೆಲಿನಲ್ಲಿ ಬಡಿಸಿದ್ದಾರೆ. ಅವರ ಮೊಮ್ಮಕ್ಕಳು ಎಲ್ಲೆಲ್ಲೋ ಹುಟ್ಟಿ, ಮನೆಯಲ್ಲಿ ಏನೋ ತೊಂದರೆಯಾಗಿ, ಜೋಯಿಸರ ಹತ್ತಿರ ಕೇಳಿಸಿ, ಮೂಲನಾಗನ ಬನ ಹುಡುಕಿಕೊಂಡು ಕಾರಿನಲ್ಲಿ ಬರುತ್ತಾರೆ. "ನಮ್ಮ ಮುತ್ತಜ್ಜನ ಮನೆ ಇಲ್ಲೇ ಎಲ್ಲೋ ಇತ್ತಂತೆ" ಎಂದು ನನ್ನ ಗೇಟಿನಲ್ಲೇ ಎಷ್ಟು ಮಂದಿ ದಾರಿ ಕೇಳಿಲ್ಲ. ಆ ಚಿಟ್ಟೆ ಜೋಯಿಸರನ್ನು ಕೇಳದೆ ಬರುತ್ತದೆ ಎಂದು ಹೋಟೆಲಿನಲ್ಲಿ ಚಾ ಕುಡಿಯುತ್ತಾ ನಾಲ್ಕು ಜನರ ಮುಂದೆ ಹೇಳಿದೆ. ಒಬ್ಬರು "ಹೌದಾ ಮಾರಾಯ್ರೆ" ಎಂದರು. ಅಷ್ಟೇ ಸಾಕು ಎಂದು ಮನೆಗೆ ಬಂದೆ, ಮಾತು ಮಾತ್ರ ಊರು ಸುತ್ತಲು ಹೊರಟಿತು.

ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಮನಶ್ಶಾಸ್ತ್ರಜ್ಞ 1932ರ ತನ್ನ ಪುಸ್ತಕದಲ್ಲಿ ಇಂಥ ಮಾತಿನ ಪ್ರಯಾಣವನ್ನು ಬರೆದಿದ್ದಾನೆ. ಅಮೆರಿಕದ ಮೂಲನಿವಾಸಿಗಳ ಒಂದು ಭೂತದ ಕಥೆಯನ್ನು ಒಬ್ಬನಿಗೆ ಓದಿಸಿ, ಅವನು ನೆನಪಿನಿಂದ ಬರೆದದ್ದನ್ನು ಇನ್ನೊಬ್ಬನಿಗೆ, ಅವನದ್ದನ್ನು ಮತ್ತೊಬ್ಬನಿಗೆ ದಾಟಿಸುತ್ತಾ ಹೋದ. ಕೈ ಬದಲಾದ ಹಾಗೆ ವಿಚಿತ್ರವೆಲ್ಲ ಉದುರಿಹೋಗಿ, ಕೇಳುವವರಿಗೆ ಪರಿಚಯ ಇದ್ದದ್ದೇ ಉಳಿಯುತ್ತಾ ಬಂತು. ಅಲ್ಲಿಯ ಕಿರುದೋಣಿ ಇಂಗ್ಲೆಂಡಿನ ಮಾಮೂಲಿ ದೋಣಿಯಾಯಿತು, ನೀರುನಾಯಿಯಂಥ ಸೀಲ್ ಬೇಟೆ ಮೀನು ಹಿಡಿಯುವುದಾಯಿತು.

ನಮ್ಮಲ್ಲಿ ಉದುರಿದ್ದು ಚಿಟ್ಟೆ. ಏರೋಪ್ಲೇನ್ ಉಳಿಯಿತು.

ಕ್ಷೌರದ ಅಂಗಡಿ ತಲುಪುವಾಗ ಅದು "ಮಾಲ್ಡೀವ್ಸ್ ಮೇಲ್ ಆಫ್ರಿಕಾಕ್ಕೆ ಏರೋಪ್ಲೇನ್" ಆಗಿತ್ತು. ಬೈಂದೂರಿಗೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಊರಿನಲ್ಲಿ ಮೊದಲೇ ಇತ್ತು, ಇದು ಹೋಗಿ ಅದರ ಮಡಿಲಲ್ಲಿ ಕೂತಿತು. ಮಾರನೆಯ ದಿನ ದೇವಸ್ಥಾನದ ಹತ್ತಿರ ಸಿಕ್ಕಿದವರು, ಒತ್ತಿನೆಣೆಯಲ್ಲಿ ಅಳತೆಯವರು ಬಂದಿದ್ದರು, ಅಲ್ಲಿ ಜಾಗ ಸಾಲದೆ ಉಪ್ಪುಂದದ ತನಕ ಗುರುತು ಹಾಕಿದ್ದಾರೆ ಎಂದು ನನಗೇ ಹೇಳಿದರು. ಯಾರು ಹೇಳಿದ್ದು ಎಂದೆ. ಮಾಷ್ಟ್ರು ಹೇಳಿದ್ದಾರೆ ಅಂಬ್ರ್ ಎಂದರು. ಯಾವ ಮಾಷ್ಟ್ರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ರಾತ್ರಿ ಬೆಂಗಳೂರಿನಿಂದ ಅಳಿಯನ ಫೋನು. ಹೋಟೆಲು ಬಾಗಿಲು ಹಾಕಿದ ಮೇಲೆ ಮಾಡುವವನು, ಅಂದು ಗಿರಾಕಿಗಳ ಗದ್ದಲದ ನಡುವೆಯೇ ಮಾಡಿದ್ದ.

"ಮಾವ, ನಮ್ಮ್ ಹಾಡಿ ಜಾಗ ಹೋತ್ತಾ? ಸೆಂಟ್ಸಿಗ್ ಎಷ್ಟ್ ಕೊಡ್ತ್ರ್ ಅಂಬ್ರ್?"

ಅದು ಏರೋಪ್ಲೇನ್ ಅಲ್ಲ ಮಗಾ, ಚಿಟ್ಟೆ, ಗದ್ದೆಯ ಮೇಲೆ ಹಾರುತ್ತದಲ್ಲ, ನೀನು ಸಣ್ಣದಿರುವಾಗ ಬಾಲಕ್ಕೆ ನೂಲು ಕಟ್ಟುತ್ತಿದ್ದೆಯಲ್ಲ, ಆ ಹುಳ ಎಂದು ಬಿಡಿಸಿ ಹೇಳಿದೆ. ನಾಲ್ಕು ತಲೆಮಾರು, ಮಾಲ್ಡೀವ್ಸ್, ಆಂಡರ್ಸನ್, ಎಲ್ಲವನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಲೋಟ ತೊಳೆಯುವ ಸದ್ದು.

"ಹುಳ ಆದ್ರೂ ಇಳೂಕೆ ಒಂದ್ ಜಾಗ ಬೇಕಲ್ದಾ ಮಾವ?" ಎಂದ.